ಸಾಲಿನ ತುದಿಗೆ ನಿಂತವರು

ನಾನು ಸ್ಟುಡಿಯೋ ಬಾಗಿಲು ಹಾಕಿ ಎರಡು ವರ್ಷವಾಯಿತು. ಹಾಗಂತ ಕೆಲಸ ನನ್ನನ್ನು ಬಿಟ್ಟಿಲ್ಲ. ಚಾಮರಾಜನಗರದಲ್ಲಿ ಯಾರ ಮನೆಯ ಮಕ್ಕಳು ಹೊಸದಾಗಿ ಡಿಎಸ್‌ಎಲ್‌ಆರ್ ಕ್ಯಾಮೆರಾ ಕೊಂಡರೂ ಅದನ್ನು ಕುತ್ತಿಗೆಗೆ ನೇತುಹಾಕಿಕೊಂಡು ನಮ್ಮ ಜಗಲಿಗೆ ಒಂದು ಸಲ ಬಂದೇ ಬರುತ್ತಾರೆ. ಕೊಟ್ಟ ನೀರು ಕುಡಿಯುವ ಮೊದಲೇ ಕೇಳುವುದು ಒಂದೇ ಮಾತು: “ಅಣ್ಣ, ವೈಡ್ ಲೆನ್ಸ್ ತಕ್ಕಳನಾ, ಪೋರ್ಟ್ರೇಟ್ ಲೆನ್ಸ್ ತಕ್ಕಳನಾ?”

ಇವರಿಗೆ ಉತ್ತರ ಬೇಕಿರುವುದಿಲ್ಲ. ಮೊಬೈಲಿನಲ್ಲಿ ವಿಡಿಯೋ ನೋಡಿ ಆಗಲೇ ತೀರ್ಮಾನ ಮಾಡಿಕೊಂಡಿರುತ್ತಾರೆ. ಹೆಣ್ಣು ಒಪ್ಪಿಕೊಂಡು ಬಂದಮೇಲೆ ಜಾತಕ ತೋರಿಸುವವರ ಹಾಗೆ, ನನ್ನ ಬಾಯಲ್ಲಿ ‘ಸರಿ’ ಅನ್ನಿಸಿಕೊಂಡು ಹೋಗುವುದಷ್ಟೇ ಅವರ ಉದ್ದೇಶ. ನಾನು ಸರಿ ಅನ್ನುವ ಬದಲು ಉಡಿಗಾಲದ ಗೌರಮ್ಮನವರ ಕತೆ ಶುರು ಮಾಡುತ್ತೇನೆ. ಅರ್ಧಕ್ಕೇ ಎದ್ದು ಹೋಗುತ್ತಾರೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ನಲವತ್ತು ವರ್ಷದಲ್ಲಿ ಎಷ್ಟು ಸಾವಿರ ಮುಖ ತೆಗೆದೆನೋ ಲೆಕ್ಕವಿಲ್ಲ. ಒಂದು ಮುಖ ಮಾತ್ರ ಕೆಡಿಸಿಬಿಟ್ಟೆ, ಅದೂ ಇನ್ನೊಂದು ಸಲ ತೆಗೆಯಲು ಆಗದ ಮುಖ. ಅದು ಗೌರಮ್ಮನವರ ಗಂಡನ ಮುಖ. ಅದನ್ನು ಅವರಿಗೆ ವಾಪಸ್ ಕೊಡುವುದು ಹೇಗೆ ಅನ್ನುವ ಚಿಂತೆ ಹನ್ನೆರಡು ಹದಿಮೂರು ವರ್ಷ ನನ್ನ ಬೆನ್ನು ಬಿಡಲಿಲ್ಲ.

ಕೆಲಸ ಕಲಿತದ್ದು ಗುಂಡ್ಲುಪೇಟೆಯಲ್ಲಿ, ಸುಬ್ಬಣ್ಣನವರ ಸ್ಟುಡಿಯೋದಲ್ಲಿ. ಅದು ರೀಲಿನ ಕಾಲ. ಅವರ ಹತ್ತಿರ ಇದ್ದದ್ದು ಒಂದೇ ಕ್ಯಾಮೆರಾ, ಅದಕ್ಕೆ ಒಂದೇ ಲೆನ್ಸು. ಜೂಮ್ ಅನ್ನುವ ಮಾತನ್ನೇ ನಾನು ಅಲ್ಲಿ ಕೇಳಿರಲಿಲ್ಲ. ದೂರದವರು ಹತ್ತಿರ ಬರಬೇಕೆಂದರೆ ಸುಬ್ಬಣ್ಣ ನನ್ನ ಬೆನ್ನಿಗೆ ಕೈ ಹಾಕಿ ಮುಂದಕ್ಕೆ ತಳ್ಳುತ್ತಿದ್ದರು. “ಲೆನ್ಸು ನಡ್ಕಂಡು ಓಗಕಿಲ್ಲ ಕಣ್ಲಾ, ನೀನು ಓಗು.” ಇವತ್ತಿನ ಹುಡುಗರು ನಿಂತಲ್ಲೇ ನಿಂತು ಲೆನ್ಸು ತಿರುಗಿಸುವುದನ್ನು ನೋಡಿದಾಗ ನನ್ನ ಬೆನ್ನು ಈಗಲೂ ತುರಿಸುತ್ತದೆ.

ಗುರುಗಳು ಅಂತ ಹೇಳಿ ಅವರ ಎಡವಟ್ಟನ್ನು ಮುಚ್ಚಿಡಬಾರದು. ಫೋಟೋ ಅಲುಗಬಾರದು ಅಂತ ಕೂತವರಿಗೆ “ಉಸ್ರು ಕಟ್ಟಿ” ಅನ್ನುತ್ತಿದ್ದರು. ಒಂದು ದಿನ ಬೇಗೂರು ಕಡೆಯ ಯಜಮಾನರೊಬ್ಬರನ್ನು ಹಾಗೆ ಕೂರಿಸಿ, ಬಾಗಿಲಿಗೆ ಬಂದ ತರಕಾರಿಯವಳ ಹತ್ತಿರ ಹುರುಳಿಕಾಯಿ ಚೌಕಾಸಿಗೆ ನಿಂತುಬಿಟ್ಟರು. ಯಜಮಾನರು ಮಹಾ ವಿಧೇಯರು. ಸುಬ್ಬಣ್ಣ ವಾಪಸ್ ಬರುವಷ್ಟರಲ್ಲಿ ಅವರ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಕಪ್ಪು ಬಿಳುಪು ಫೋಟೋ ಆದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಆಮೇಲೆ ನಾನು ಚಾಮರಾಜನಗರದಲ್ಲಿ ನನ್ನದೇ ಸ್ಟುಡಿಯೋ ಇಟ್ಟೆ. ಡಿಜಿಟಲ್ ಬಂತು. ರೀಲು ತೊಳೆಯುವ ಕತ್ತಲೆ ಕೋಣೆಯಲ್ಲಿ ನನ್ನ ಹೆಂಡತಿ ಈರುಳ್ಳಿ ಮೂಟೆ ಇಟ್ಟಳು. ಡಿಎಸ್‌ಎಲ್‌ಆರ್ ಜೊತೆ ಒಂದು ಸಾಧಾರಣ ಲೆನ್ಸು ಬಂದಿತ್ತು. ಅದರ ಮೇಲೆ ಇನ್ನೊಂದು ಲೆನ್ಸು ಕೊಳ್ಳುವಷ್ಟು ಶಕ್ತಿ ಬಂದಾಗ ನನಗೂ ಇದೇ ಪ್ರಶ್ನೆ ಎದುರಾಯಿತು: ವೈಡೋ, ಪೋರ್ಟ್ರೇಟೋ? ಗುಂಡ್ಲುಪೇಟೆಯ ಬಸ್ ಸ್ಟ್ಯಾಂಡ್ ಹತ್ತಿರ ಜೋಸ್ ಚೇಟ ಅಂತ ಒಬ್ಬರು ಹಳೇ ಲೆನ್ಸುಗಳನ್ನು ಮಾರುತ್ತಿದ್ದರು. ವಯನಾಡಿನವರು, ಕನ್ನಡವನ್ನು ಮಲಯಾಳದ ಧಾಟಿಯಲ್ಲಿ ಉಯ್ಯಾಲೆ ಆಡಿಸಿ ಮಾತಾಡುವವರು. ಎರಡು ಲೆನ್ಸನ್ನೂ ಮೇಜಿನ ಮೇಲಿಟ್ಟು, “ನಿಮ್ಗೆ ಮದುವೆ ಜಾಸ್ತಿಯಾ, ಮುಖ ಜಾಸ್ತಿಯಾ?” ಅಂದರು.

ನನ್ನ ಜಂಬಕ್ಕೆ ಮದುವೆಯೇ ಜಾಸ್ತಿಯಾಗಿ ಕಂಡಿತು. ವೈಡ್ ಲೆನ್ಸು ಕಣ್ಣಿಗಿಟ್ಟು ನೋಡಿದರೆ ಎಡಗಡೆಯ ಬಾಳೆಹಣ್ಣಿನ ಗಾಡಿಯಿಂದ ಬಲಗಡೆಯ ಊಟಿ ಬಸ್ಸಿನವರೆಗೂ ಒಂದೇ ಚೌಕಟ್ಟಿನಲ್ಲಿ! ಇಕ್ಕಟ್ಟು ಛತ್ರ, ಗಿಡ್ಡ ಚಪ್ಪರ, ಯಾವುದಕ್ಕೂ ಹೆದರಬೇಕಿಲ್ಲ ಅಂದುಕೊಂಡೆ. ಅದನ್ನು ಕೊಂಡು ವಾರದವರೆಗೆ ಟೀ ಅಂಗಡಿಗೂ ಕೊರಳಲ್ಲಿ ಹಾಕಿಕೊಂಡೇ ಹೋಗುತ್ತಿದ್ದೆ. ಹೊಸ ತಾಳಿ ಕಟ್ಟಿಸಿಕೊಂಡವಳು ಕೂಡ ಅಷ್ಟು ಮುಟ್ಟಿ ನೋಡಿಕೊಂಡಿರಲಾರಳು.

ಆ ಲೆನ್ಸಿನ ಮೊದಲ ದೊಡ್ಡ ಕೆಲಸವೇ ಉಡಿಗಾಲದ ರಾಚಪ್ಪನವರ ಮಗ ಮಾದೇಶನ ಮದುವೆ. ಮನೆ ಮುಂದೆಯೇ ಚಪ್ಪರ. ಧಾರೆ ಮುಗಿದು ಗುಂಪು ಫೋಟೋಕ್ಕೆ ನಿಲ್ಲಿಸಿದಾಗ ಮೂವತ್ತು ಜನ. ನಾನು ಹಿಂದಕ್ಕೆ ಹೋಗೋಣವೆಂದರೆ ಬೆನ್ನಿಗೆ ಎದುರುಮನೆಯ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಒಂದು ಎಮ್ಮೆ. ಎಮ್ಮೆಗೂ ಗೋಡೆಗೂ ನಡುವೆ ನಿಂತು, ವೈಡ್ ಲೆನ್ಸು ಹಾಕಿ, “ಯಾರೂ ಬಿಟ್ಟೋಗಲ್ಲ, ಎಲ್ರೂ ಬತ್ತೀರಾ!” ಅಂತ ಕೂಗಿದೆ. ಜನ ಬೆರಗಾದರು. ಎಮ್ಮೆ ಆಗಲಿಲ್ಲ.

ರಾಚಪ್ಪ ಕಡ್ಡಿಯಂಥ ಮನುಷ್ಯ. ಜನ್ಮದಲ್ಲಿ ಫೋಟೋಕ್ಕೆ ನಿಂತವರಲ್ಲ. ಕ್ಯಾಮೆರಾ ಕಂಡರೆ ಹೊಲದ ದಾರಿ ಹಿಡಿಯುತ್ತಿದ್ದರು. ಅವತ್ತು ಮಗನ ಬಲವಂತಕ್ಕೆ ಬಂದರು. ಬಂದವರು ನೇರ ಬಲತುದಿಗೆ ಹೋಗಿ ನಿಂತರು.

“ಮಧ್ಯಕ್ಕೆ ಬನ್ನಿ ರಾಚಪ್ಪಾರೆ, ಗಂಡಿನ ತಂದೆ ನೀವು” ಅಂದೆ.

“ಬೀಗರು ಮಧ್ಯಕ್ಕಿರ್ಲಿ ಕಣಪ್ಪ. ನಾವು ಮನೆಯೋರು, ಎಲ್ಲಿ ನಿಂತ್ರೂ ಆಯ್ತದೆ.”

ನಮ್ಮ ಕಡೆಯ ರೀತಿಯೇ ಹಾಗೆ. ಮದುವೆ ಮಾಡಿದವರು ಸಾಲಿನ ತುದಿಗೆ ನಿಲ್ಲುತ್ತಾರೆ, ಉಂಡು ಹೋಗಲು ಬಂದವರು ನಡುವೆ. ಮನೆಯ ಹೆಂಗಸಂತೂ ಫೋಟೋದಲ್ಲೇ ಇರುವುದಿಲ್ಲ. ಗೌರಮ್ಮನವರನ್ನು ಮೂರು ಸಲ ಕರೆದೆ. “ಸಾರು ಇಳುಸ್ಬುಟ್ಟು ಬತ್ತೀನಿ” ಅಂದವರು ಬರಲೇ ಇಲ್ಲ. ನಾನೂ ಕಾಯಲಿಲ್ಲ, ಕ್ಲಿಕ್ ಮಾಡಿಬಿಟ್ಟೆ.

ಈಗ ಲೆನ್ಸಿನ ವಿಷಯ ಕೇಳಿ. ವೈಡ್ ಲೆನ್ಸು ನಡುವೆ ಇದ್ದವರನ್ನು ಇದ್ದ ಹಾಗೆ ಬಿಡುತ್ತದೆ. ತುದಿಯಲ್ಲಿದ್ದವರನ್ನು ಮಾತ್ರ ಚಪಾತಿ ಹಿಟ್ಟಿನ ಹಾಗೆ ಅಗಲಕ್ಕೆ ಎಳೆಯುತ್ತದೆ. ಅಂದರೆ ಜಾಗ ಬಿಟ್ಟುಕೊಟ್ಟ ಒಳ್ಳೆಯವರಿಗೇ ಶಿಕ್ಷೆ. ಇದು ನನಗೆ ಗೊತ್ತಿರಲಿಲ್ಲವೇ ಅಂದರೆ, ಗೊತ್ತಿತ್ತು. ಆಲ್ಬಮ್ಮಿನಲ್ಲಿ ಚಿಕ್ಕದಾಗಿ ಕಾಣುವ ಮುಖ, ಯಾರು ನೋಡುತ್ತಾರೆ ಅಂದುಕೊಂಡಿದ್ದೆ.

ಮದುವೆಯಾಗಿ ನಾಲ್ಕು ತಿಂಗಳಿಗೆ ರಾಚಪ್ಪ ತೀರಿಕೊಂಡರು. ಹೊಲದಿಂದ ಬಂದು, ಕೈಕಾಲು ತೊಳೆದು, ಜಗಲಿಯ ಮೇಲೆ ಮಲಗಿದವರು ಏಳಲಿಲ್ಲವಂತೆ. ಮಾದೇಶ ಸ್ಟುಡಿಯೋಗೆ ಬಂದ. “ಅಣ್ಣ, ನಾಡಿದ್ದು ತಿಥಿ. ಅಪ್ಪಂದು ಒಂದು ಫೋಟೋ ಬೇಕು. ಆಧಾರ್ ಕಾರ್ಡಲ್ಲಿರದು ಬಿಟ್ರೆ ಅವರ್ದು ಇರದು ನೀನು ತೆಗ್ದ ಗುಂಪೊಂದೇ.” ಆಧಾರ್ ಕಾರ್ಡಿನ ಫೋಟೋ ಎಂಥದ್ದು ಅಂತ ನಿಮಗೇ ಗೊತ್ತು, ಅದನ್ನು ನೋಡಿ ನಾವೇ ನಮ್ಮನ್ನು ಗುರುತು ಹಿಡಿಯುವುದಿಲ್ಲ. ಗುಂಪಿನಿಂದ ರಾಚಪ್ಪನವರ ಮುಖ ಕತ್ತರಿಸಿ ದೊಡ್ಡದು ಮಾಡಿದೆ. ಕಂಪ್ಯೂಟರಿನಲ್ಲಿ ಬೆಳ್ಳಗೆ ಮಾಡುವುದು ಬಿಟ್ಟರೆ ಬೇರೇನೂ ನನಗೆ ಆಗ ಬರುತ್ತಿರಲಿಲ್ಲ. ಕಟ್ಟು ಹಾಕಿಸಿ ಕಳಿಸಿದೆ.

ತಿಥಿಗೆ ನಾನೂ ಹೋದೆ. ಗೋಡೆಯ ಮೇಲೆ ಕಡ್ಡಿಯಂಥ ರಾಚಪ್ಪ ಇರಲಿಲ್ಲ. ಕೆನ್ನೆ ಊದಿದ, ದವಡೆ ಅಗಲವಾದ, ಅಕ್ಕಿ ಮಿಲ್ಲಿನ ಸಾಹುಕಾರರಂಥ ಯಾರೋ ಇದ್ದರು. ಊಟಕ್ಕೆ ಕೂತವರಲ್ಲಿ ಒಬ್ಬರು, “ರಾಚ ಸತ್ಮೇಲೆ ಮೈ ಕೈ ತುಂಬ್ಕಂಡವ್ನೆ ಕಣ್ಲಾ” ಅಂದರು. ನಾಲ್ಕು ಜನ ನಕ್ಕರು. ಗೌರಮ್ಮ ಹೂವಿನ ಹಾರ ಹಿಡಿದು ಬಂದು ಫೋಟೋ ಮುಂದೆ ನಿಂತರು. ಹಾರ ಹಾಕಲಿಲ್ಲ. ನನ್ನ ಕಡೆ ತಿರುಗಿ ಕೇಳಿದರು: “ಇವ್ರು ಯಾರಪ್ಪ?”

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆಕೆ ನಿಜವಾಗಿಯೂ ಕೇಳಿದ್ದರು. ನಾಚಿಕೆ, ದುಃಖ ಎರಡೂ ಆಯಿತು. ಆ ವಾರವೇ ಜೋಸ್ ಚೇಟನ ಅಂಗಡಿಗೆ ಹೋಗಿ ಪೋರ್ಟ್ರೇಟ್ ಲೆನ್ಸು ತಂದೆ. ಅವರು ನಕ್ಕು, “ಮುಖ ಜಾಸ್ತಿ ಆಯ್ತಲ್ಲೇ?” ಅಂದರು. ದುಡ್ಡು ಎಣಿಸಿ ಕೊಟ್ಟು ಬಂದೆ.

ಪೋರ್ಟ್ರೇಟ್ ಲೆನ್ಸು ಅಂದರೆ ಸ್ವಲ್ಪ ದೂರ ನಿಂತು ಮುಖವನ್ನಷ್ಟೇ ಹತ್ತಿರಕ್ಕೆ ತರುವಂಥದ್ದು. ಮೂಗು, ಕೆನ್ನೆ ಎಲ್ಲ ಇದ್ದ ಅಳತೆಯಲ್ಲೇ ಇರುತ್ತದೆ, ಹಿಂದಿನದೆಲ್ಲ ಮಂಜಾಗುತ್ತದೆ. ಒಂದು ಸಲ ಕೈ ಸುಟ್ಟುಕೊಂಡವನು ನೋಡಿ, ಎಲ್ಲಕ್ಕೂ ಅದನ್ನೇ ಹಾಕತೊಡಗಿದೆ. ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಲಗ್ನಕ್ಕೆ ಮುಂಚಿನ ಫೋಟೋ ತೆಗೆಯಲು ಒಂದು ಜೋಡಿಯನ್ನು ಕರೆದುಕೊಂಡು ಹೋದೆ. ಕೆಳಗೆ ಗಾಡಿ ನಿಲ್ಲಿಸಿ, ಬಸ್ಸಿಗೆ ಕ್ಯೂ ನಿಂತು, ಮೇಲೆ ಹೋಗಿ, ಚಳಿಯಲ್ಲಿ ಹುಡುಗಿಯ ಹಲ್ಲು ಕಟಕಟ ಅನ್ನುತ್ತಿದ್ದರೂ ನಗಿಸಿ, ಐವತ್ತು ಫೋಟೋ ತೆಗೆದೆ. ಮುಖಗಳು ಮುತ್ತಿನ ಹಾಗೆ ಬಂದಿದ್ದವು. ಹುಡುಗಿಯ ತಾಯಿ ಆಲ್ಬಮ್ ಪೂರ್ತಿ ತಿರುವಿ ನೋಡಿ, “ಬೆಟ್ಟ ಎಲ್ಲಪ್ಪ?” ಅಂದರು.

“ಹಿಂದ್ಗಡೆ ಅದೆ ಕಣವ್ವ.”

“ಹಿಂದ್ಗಡೆ ಬಿಳೀ ಗ್ವಾಡೆ ಅದೆ. ನಮ್ಮನೆ ಗ್ವಾಡೆಗೂ ಸುಣ್ಣ ಒಡ್ಸೀವಲ್ಲ, ಅಲ್ಲೇ ನಿಲ್ಲುಸ್ಬೌದಿತ್ತು.”

ಆಕೆ ಹೇಳಿದ್ದು ಸರಿ. ಎಲ್ಲಿಗೆ ಹೋಗಿದ್ದೆವು ಅಂತ ತೋರಿಸಬೇಕಾದಾಗ ವೈಡ್ ಹಾಕಿ, ಜನರನ್ನು ಚೌಕಟ್ಟಿನ ನಡುಭಾಗದಲ್ಲಿ ನಿಲ್ಲಿಸಿ. ಯಾರು ಹೋಗಿದ್ದರು ಅಂತ ತೋರಿಸಬೇಕಾದಾಗ ಪೋರ್ಟ್ರೇಟ್ ಹಾಕಿ. ದುಬಾರಿಯದು ಕೊಳ್ಳಲು ಆಗದಿದ್ದರೆ ಐವತ್ತು ಎಂಎಂನ ಚಿಕ್ಕ ಲೆನ್ಸು ಸಾಕು, ನಿಮ್ಮ ಸಾಧಾರಣ ಕ್ಯಾಮೆರಾದಲ್ಲಿ ಅದೇ ಮುಖದ ಕೆಲಸ ಮಾಡುತ್ತದೆ. ವಿಡಿಯೋದವರು ಒಂದು ಗಂಟೆ ಹೇಳುವುದು ಇಷ್ಟೇ.

ರಾಚಪ್ಪನವರ ವಿಷಯದಿಂದ ನನ್ನ ಕೆಲಸದ ಕ್ರಮವೇ ಬದಲಾಯಿತು. ಯಾವ ಮದುವೆಗೆ ಹೋದರೂ ಮೊದಲು ಮನೆಯ ಹಿರಿಯರನ್ನು ಒಬ್ಬೊಬ್ಬರನ್ನೇ ಕಿಟಕಿ ಪಕ್ಕ ಕೂರಿಸಿ ಒಂದು ಮುಖದ ಫೋಟೋ ತೆಗೆದೇ ಚಪ್ಪರಕ್ಕೆ ಹೋಗುತ್ತಿದ್ದೆ. ಹೇಳಿದಷ್ಟು ಸುಲಭವಲ್ಲ ಅದು. ನಮ್ಮಲ್ಲಿ ಒಬ್ಬರೇ ಕೂತು ಫೋಟೋ ತೆಗೆಸಿಕೊಳ್ಳಲು ವಯಸ್ಸಾದವರು ಒಪ್ಪುವುದಿಲ್ಲ. ಹರದನಹಳ್ಳಿಯ ಅಜ್ಜ ಒಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಹಾರಕ್ಕೆ ಅಳ್ತೆ ತಕ್ಕಳಕೆ ಬಂದಿದ್ದೀಯೇನ್ಲಾ?” ಅಂದಿದ್ದರು. ಅದಕ್ಕೂ ಉಪಾಯ ಕಂಡುಕೊಂಡೆ. ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿ, ನಾನು ಹನ್ನೆರಡು ಅಡಿ ದೂರ ನಿಂತು, ಮಗು ಇಳಿದು ಓಡುವವರೆಗೆ ಕಾಯುವುದು. ಓಡಿದ ಮಗುವನ್ನು ನೋಡುವಾಗ ಅಜ್ಜಂದಿರ ಮುಖದಲ್ಲಿ ಒಂದು ಬೆಳಕು ಇರುತ್ತದೆ, ಆಗ ಕ್ಲಿಕ್. ಹರದನಹಳ್ಳಿಯ ಅಜ್ಜ ಫೋಟೋ ನೋಡಿದ ಮೇಲೆ ಮೂರು ಪ್ರತಿ ಕೇಳಿದರು. “ಮೂರು ಗಂಡ್ಮಕ್ಳು ಅವ್ರೆ ಕಣಪ್ಪ. ಒಂದೇ ಆದ್ರೆ ಇದ್ನೂ ಪಾಲು ಮಾಡ್ಕತಾರೆ.”

ಇಷ್ಟೆಲ್ಲ ಮಾಡಿದರೂ ಉಡಿಗಾಲದ ಆ ಗೋಡೆ ನನ್ನ ಕಣ್ಣ ಮುಂದೆ ಇದ್ದೇ ಇತ್ತು. ಕಂಪ್ಯೂಟರ್ ಚೆನ್ನಾಗಿ ಕಲಿತ ಮೇಲೆ ಮಾದೇಶನಿಗೆ ಎರಡು ಸಲ ಹೇಳಿದೆ, ಅಪ್ಪನ ಫೋಟೋ ಸರಿಮಾಡಿ ಕೊಡುತ್ತೇನೆ ಅಂತ. ಅವನು ಕೈ ಆಡಿಸಿದ. “ಅವ್ವ ಅದ್ನ ಮುಟ್ಟಕ್ಕೇ ಬುಡಕಿಲ್ಲ ಅಣ್ಣ. ಬಾಗ್ಲು ಎದ್ರಿಗೆ ಇತ್ತಲ್ಲ, ಅಲ್ಲಿಂದ ಕೀಳ್ಸಿ ಪಕ್ಕದ ಗ್ವಾಡೆಗೆ ಹಾಕ್ಸಿದ್ಲು. ಬಂದೋರು ನೋಡಿ ನಗ್ತಾರೆ ಅಂತ ಇರ್ಬೇಕು.” ಅದನ್ನು ಕೇಳಿ ನನ್ನ ಸಂಕಟ ಇನ್ನೂ ಹೆಚ್ಚಿತು.

ಸ್ಟುಡಿಯೋ ಮುಚ್ಚಿದ ವರ್ಷ ಮಾದೇಶನೇ ಫೋನ್ ಮಾಡಿದ. “ಅಣ್ಣ, ಅವ್ವ ಸೊರಗೋಗವ್ಳೆ. ಅವಳ್ದು ಒಂದು ಒಳ್ಳೆ ಫೋಟೋ ತೆಗ್ದುಬುಡು. ಅಪ್ಪಂದಂಗೆ ಆಗದು ಬ್ಯಾಡ.” ಕೊನೆಯ ಮಾತನ್ನು ಅವನು ಮೆತ್ತಗೇ ಹೇಳಿದ. ನನಗೆ ಮೆತ್ತಗೆ ಕೇಳಿಸಲಿಲ್ಲ.

ಹಳೇ ಹಾರ್ಡ್ ಡಿಸ್ಕ್ ಹುಡುಕಿ ಮದುವೆಯ ಆ ಫೋಟೋ ತೆಗೆದೆ. ಎರಡು ದಿನ ಕೂತು, ಅಗಲಕ್ಕೆ ಎಳೆದುಹೋಗಿದ್ದ ಮುಖವನ್ನು ಸರಿಯಾದ ಅಳತೆಗೆ ತಂದೆ. ಕಡ್ಡಿಯಂಥ ರಾಚಪ್ಪ ಮತ್ತೆ ಬಂದರು. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ಪೋರ್ಟ್ರೇಟ್ ಲೆನ್ಸನ್ನು ಕ್ಯಾಮೆರಾಕ್ಕೆ ಹಾಕಿಕೊಂಡು ಉಡಿಗಾಲಕ್ಕೆ ಹೊರಟೆ. ಹನ್ನೆರಡು ವರ್ಷದ ತಪ್ಪು ಇವತ್ತಿಗೆ ತೀರಿತು ಅಂತ ಸ್ಕೂಟರಿನ ಮೇಲೆ ಹಾಡಿಕೊಂಡೇ ಹೋದೆ.

ಗೌರಮ್ಮ ಅಡುಗೆಮನೆಯಲ್ಲಿ ಒಲೆ ಮುಂದೆ ನೆಲದ ಮೇಲೆ ಕೂತಿದ್ದರು. ಈಚೆಗೆ ಅವರು ಅಡುಗೆ ಮಾಡುವುದಿಲ್ಲ, ಸೊಸೆ ಸವಿತ ಮಾಡುತ್ತಾಳೆ. ಆದರೂ ಜಾಗ ಬಿಟ್ಟಿರಲಿಲ್ಲ. ನಡುಮನೆಯಲ್ಲಿ ನಿಂತು ನಾನು ಹೊಸ ಫೋಟೋ ಎತ್ತಿ ತೋರಿಸಿದೆ. ಮಾದೇಶನ ಕಣ್ಣಲ್ಲಿ ನೀರು ಬಂತು. “ಅಪ್ಪನೇ ಕಣವ್ವ, ನೋಡು!”

ಗೌರಮ್ಮ ಕೂತಲ್ಲಿಂದಲೇ ಹೇಳಿದರು: “ಅದ್ನ ತಕ್ಕಂಡೋಗಿ ಅವ್ರ ಪಕ್ಕದಲ್ಲಿ ಹಿಡಿ.” ಮಾದೇಶ ಅದನ್ನು ಗೋಡೆಯ ಹಳೇ ಫೋಟೋ ಪಕ್ಕ ಹಿಡಿದ. ಆಕೆ ಒಂದು ಗಳಿಗೆ ನೋಡಿದರು. “ಇದು ಬ್ಯಾಡ. ಇದ್ರಲ್ಲಿ ಅವ್ರು ಇನ್ನೂ ಬಡಕ್ಲಾಗವ್ರೆ.”

“ಅವ್ವ, ಅದೇ ಸರಿಯಾದ ಅಳತೆ. ಹಳೇದರಲ್ಲೇ ಮುಖ ಅಗಲ ಆಗಿತ್ತು. ತಪ್ಪು ನಂದು, ಅವತ್ತೇ ಹೇಳಬೇಕಿತ್ತು” ಅಂದೆ.

“ನೀನು ಎಲ್ಲಿ ನಿಂತಿದ್ದೀಯ?”

“ಇಲ್ಲೇ, ಫೋಟೋ ಎದುರಿಗೆ.”

“ಎದ್ರಿಗೆ ಯಾಕೆ ನಿಂತೀಯ? ಬಾ ಇಲ್ಲಿ, ಕುಂತ್ಕೊ.” ತಾವು ಸರಿದು ತಮ್ಮ ಜಾಗ ಕೊಟ್ಟರು. ಮಂಡಿ ನೋವಿನವನು ನಾನು, ಗೋಡೆ ಹಿಡಿದು ಇಳಿದೆ. ಅಡುಗೆಮನೆ ಬಾಗಿಲಿನಿಂದ ಪಕ್ಕದ ಗೋಡೆಯ ಫೋಟೋ ಓರೆಯಾಗಿ ಕಾಣುತ್ತಿತ್ತು. ಓರೆಯಿಂದ ನೋಡಿದಾಗ ಅಗಲವಾದದ್ದು ಕಿರಿದಾಗುತ್ತದಲ್ಲ? ಆ ಊದಿದ ಕೆನ್ನೆ ಒಳಕ್ಕೆ ಹೋಗಿತ್ತು. ದವಡೆ ಸಣ್ಣದಾಗಿತ್ತು. ಬಲತುದಿಯಲ್ಲಿ ನಿಂತು, ಸಂಕೋಚದಿಂದ ನನ್ನ ಕ್ಯಾಮೆರಾ ನೋಡುತ್ತಿದ್ದ ರಾಚಪ್ಪ ಅಲ್ಲಿದ್ದರು. ನಾನು ಎರಡು ದಿನ ಕಂಪ್ಯೂಟರಿನಲ್ಲಿ ಮಾಡಿದ್ದನ್ನು ಆಕೆ ಒಂದು ಮೊಳೆ ಬದಲಾಯಿಸಿ ಎಂದೋ ಮಾಡಿಕೊಂಡಿದ್ದರು. ಸರಿಮಾಡಿದ ನನ್ನ ಫೋಟೋ ಆ ಜಾಗದಿಂದ ನಿಜವಾಗಿಯೂ ಗೆರೆಯ ಹಾಗೆ ಕಾಣುತ್ತಿತ್ತು.

ನನಗೆ ಅಳು ಬಂತು. ಮುಚ್ಚಿಡಲು ಹೋಗಲಿಲ್ಲ. ಗೌರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. “ಇಷ್ಟು ವರ್ಸ ಫೋಟೋ ತೆಗ್ದೆ, ಎಲ್ಲಿ ಕುಂತು ನೋಡ್ಬೇಕು ಅಂತ ಗೊತ್ತಾಗ್ನಿಲ್ವಲ್ಲಪ್ಪ ನಿಂಗೆ.”

ಆಮೇಲೆ ನಾನು ಕ್ಯಾಮೆರಾ ತೆಗೆದು, ನಿಮ್ಮದೊಂದು ತೆಗೆಯುತ್ತೇನೆ ಅವ್ವ ಅಂದೆ. ಹರದನಹಳ್ಳಿಯ ಅಜ್ಜನ ಹಾಗೆ ಹಾರದ ಮಾತು ಬರುತ್ತದೆ ಅಂತ ಕಾದೆ. ಆಕೆ ಆ ಮಾತೇ ಎತ್ತಲಿಲ್ಲ. “ಅವ್ರನ್ನ ತೆಗ್ದ ಲೆನ್ಸು ಇದೇನಾ?” ಅಂದರು.

“ಇಲ್ಲ ಅವ್ವ. ಇದು ಒಳ್ಳೇದು, ಮುಖ ಇದ್ದಂಗೇ ಬರುತ್ತೆ.”

“ಹಂಗಾರೆ ಬ್ಯಾಡ. ಆವತ್ತಿಂದೇ ತತ್ತಾ. ಅವ್ರು ನಿಂತಿದ್ದ ಕಡೀಕೆ ನನ್ನೂ ಕುಂಡ್ರುಸು. ಅವ್ರ ಪಕ್ಕದಲ್ಲಿ ಹಾಕ್ದಾಗ ಇಬ್ರೂ ಒಂದೇ ಜಾಗ್ದಿಂದ ಸರ್ಯಾಗಿ ಕಾಣ್ಬೇಕು.”

ಮಾದೇಶ ಬೇಡವೇ ಬೇಡ ಅಂದ. ನಾನು ಸ್ಕೂಟರ್ ಹತ್ತಿ ಚಾಮರಾಜನಗರಕ್ಕೆ ಹೋಗಿ, ಬೀರುವಿನ ಮೂಲೆಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದ ವೈಡ್ ಲೆನ್ಸು ತಂದೆ. ಚಪ್ಪರ ಹಾಕಿದ್ದ ಜಾಗದಲ್ಲೇ ಕುರ್ಚಿ ಹಾಕಿಸಿದೆ. ನಲವತ್ತು ವರ್ಷ ಜನರಿಗೆ ‘ಮಧ್ಯಕ್ಕೆ ಬನ್ನಿ’ ಅಂತ ಕೂಗಿದವನು ಅವತ್ತು, “ಇನ್ನೂ ಪಕ್ಕಕ್ಕೆ ಅವ್ವ, ಇನ್ನೂ ತುದಿಗೆ” ಅನ್ನುತ್ತಿದ್ದೆ. ಚೌಕಟ್ಟಿನ ಮುಕ್ಕಾಲು ಭಾಗ ಖಾಲಿ ಅಂಗಳ, ಬಲತುದಿಯಲ್ಲಿ ಒಬ್ಬ ಹೆಂಗಸು. ನನ್ನ ಶಿಷ್ಯರು ಯಾರಾದರೂ ಹಾಗೆ ತೆಗೆದಿದ್ದರೆ ಕಿವಿ ಹಿಂಡುತ್ತಿದ್ದೆ.

ಹೋದ ವರ್ಷ ಗೌರಮ್ಮ ತೀರಿಕೊಂಡರು. ತಿಥಿಗೆ ಹೋಗಿದ್ದೆ. ನಡುಮನೆಯ ಪಕ್ಕದ ಗೋಡೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕೆನ್ನೆ ಊದಿಸಿಕೊಂಡು ಇದ್ದರು. ಊಟಕ್ಕೆ ಕೂತವರು, “ಯಾವನಪ್ಪ ಇದ್ನ ತೆಗ್ದವ್ನು? ಕಣ್ಣು ಕಾಣ್ತಿತ್ತಾ ಅವ್ನಿಗೆ?” ಅಂತ ನನ್ನ ಪಕ್ಕದಲ್ಲೇ ಬೈದರು. ನಾನು ತಲೆ ಬಗ್ಗಿಸಿ ಪಾಯಸ ಕುಡಿದೆ. ಕೈ ತೊಳೆಯಲು ಹಿತ್ತಲಿಗೆ ಹೋಗುವಾಗ ಅಡುಗೆಮನೆಯಲ್ಲಿ ಸವಿತ ಒಲೆ ಮುಂದೆ ಅತ್ತೆಯ ಜಾಗದಲ್ಲಿ ಕೂತಿದ್ದಳು. ಅವಳೇ ಬಾಗಿಲ ಕಡೆ ಕಣ್ಣೆತ್ತಿ ಹೇಳಿದಳು:

“ಇಲ್ಲಿಂದ ಇಬ್ರೂ ಚೆನ್ನಾಗವ್ರೆ ಕಣಣ್ಣ.”